ಕ್ಲೋನ್‌ಜಿಲ್ಲಾದಲ್ಲಿ ಹೊಸ ಎನ್‌ವಿಎಂಇ ಕಾಣ್ತಿಲ್ಲ, ಬಯಾಸ್‌ನಲ್ಲಿ ಎಎಚ್‌ಸಿಐ ಮಾಡಿದ್ರೆ ವಿಂಡೋಸ್ ಏಳ್ತಿಲ್ಲ

ಹಳೇಡಿಸ್ಕ್_ಹೊಸಡಿಸ್ಕ್ ಕೇಳಿದ್ದು:

ಎಲ್ಲರಿಗೂ ನಮಸ್ಕಾರ. ಮಷೀನಿನ ವಿವರ ಮೊದಲೇ ಕೊಡ್ತೀನಿ. ಡೆಲ್ ಇನ್‌ಸ್ಪಿರಾನ್ 15, 8ನೇ ತಲೆಮಾರಿನ ಐ5, 8 ಜಿಬಿ ರ‍್ಯಾಮ್, 1 ಟಿಬಿ ಸಾಟಾ ಹಾರ್ಡ್ ಡಿಸ್ಕ್, ವಿಂಡೋಸ್ 11 ಹೋಮ್. ಎಂ.2 ಸ್ಲಾಟ್ ಖಾಲಿ ಇತ್ತು, ಅದಕ್ಕೆ 500 ಜಿಬಿ ಎನ್‌ವಿಎಂಇ ಎಸ್‌ಎಸ್‌ಡಿ (ಸಾಟಾ ಬದಲು ಪಿಸಿಐ ಬಸ್‌ಗೆ ಸೇರೋ ವೇಗದ ಡಿಸ್ಕ್) ಹಾಕಿದ್ದೀನಿ. ಈಗಿರೋ ವಿಂಡೋಸನ್ನ ಸಾಫ್ಟ್‌ವೇರ್, ಟ್ಯಾಲಿ ಡೇಟಾ, ಪ್ರಿಂಟರ್ ಸೆಟ್ಟಿಂಗ್ ಸಮೇತ ಹಾಗೇ ಹೊಸ ಡಿಸ್ಕಿಗೆ ಕ್ಲೋನ್ ಮಾಡಬೇಕು. ಸಿ ಡ್ರೈವ್‌ನಲ್ಲಿ ಬಳಕೆ ಆಗಿರೋದು 190 ಜಿಬಿ.

ಪೆನ್‌ಡ್ರೈವ್‌ನಿಂದ ಕ್ಲೋನ್‌ಜಿಲ್ಲಾ (ಲಿನಕ್ಸ್ ಮೇಲೆ ನಡೆಯೋ, ಡಿಸ್ಕ್ ನಕಲು ಮಾಡೋ ಉಚಿತ ಉಪಕರಣ) ಬೂಟ್ ಆಗುತ್ತೆ. ಆದರೆ ಡಿಸ್ಕ್ ಪಟ್ಟಿಯಲ್ಲಿ ಹಳೇ ಹಾರ್ಡ್ ಡಿಸ್ಕ್, ಪೆನ್‌ಡ್ರೈವ್ ಎರಡೇ ಇವೆ, ಎಸ್‌ಎಸ್‌ಡಿ ಇಲ್ಲ. ವಿಂಡೋಸ್ ಒಳಗೆ ಡಿಸ್ಕ್ ಮ್ಯಾನೇಜ್‌ಮೆಂಟ್ ತೆಗೆದ್ರೆ ಅದೇ ಎಸ್‌ಎಸ್‌ಡಿ ಕಾಣುತ್ತೆ. ಬಯಾಸ್‌ನಲ್ಲಿ ‘ಸಾಟಾ ಆಪರೇಷನ್’ ಅನ್ನೋ ಕಡೆ ‘ರೇಡ್ ಆನ್’ ಅಂತ ಇದೆ (ರೇಡ್, ಎಎಚ್‌ಸಿಐ ಅಂದ್ರೆ ಡಿಸ್ಕ್ ಕಂಟ್ರೋಲರ್ ಕೆಲಸ ಮಾಡೋ ಎರಡು ಮೋಡ್). ಅದನ್ನ ಎಎಚ್‌ಸಿಐ ಮಾಡಿದ್ರೆ ಕ್ಲೋನ್‌ಜಿಲ್ಲಾದಲ್ಲಿ ಎಸ್‌ಎಸ್‌ಡಿ ಬರುತ್ತೆ, ಆದರೆ ವಿಂಡೋಸ್ ‘ಇನ್‌ಆಕ್ಸೆಸಿಬಲ್ ಬೂಟ್ ಡಿವೈಸ್’ ಅಂತ ನೀಲಿ ಪರದೆ ತೋರಿಸಿ ರೀಸ್ಟಾರ್ಟ್ ಆಗ್ತಾನೇ ಇರುತ್ತೆ. ಮತ್ತೆ ರೇಡ್ ಆನ್ ಮಾಡಿದ್ರೆ ವಿಂಡೋಸ್ ಸರಿ. ಬಯಾಸ್ ಯಾವುದರಲ್ಲಿ ಇಟ್ಟು ಕ್ಲೋನ್ ಮಾಡಬೇಕು? ಆಮೇಲೆ ಯಾವುದರಲ್ಲಿ ಬಿಡಬೇಕು?

ಬೂಟ್‌ಕೊಟ್ಟೂರು ಉತ್ತರ:

ಡಿಸ್ಕಿನಲ್ಲಿ ದೋಷ ಇಲ್ಲ, ಕ್ಲೋನ್‌ಜಿಲ್ಲಾದಲ್ಲೂ ಇಲ್ಲ. ನಿಮ್ಮ ತಲೆಮಾರಿನ ಇಂಟೆಲ್ ಚಿಪ್‌ಸೆಟ್‌ಗಳಲ್ಲಿ ರೇಡ್ ಆನ್ ಇದ್ದಾಗ ಎನ್‌ವಿಎಂಇ ಡಿಸ್ಕ್ ತಾನಾಗಿ ಪಿಸಿಐ ಬಸ್‌ ಮೇಲೆ ಕಾಣಿಸಿಕೊಳ್ಳಲ್ಲ, ಸಾಟಾ ಕಂಟ್ರೋಲರ್ ಬೆನ್ನ ಹಿಂದೆ ಕೂತಿರುತ್ತೆ. ಅಲ್ಲಿಂದ ಅದನ್ನ ಬಳಸಕ್ಕೆ ಬರೋದು ಇಂಟೆಲ್‌ನ ರ‍್ಯಾಪಿಡ್ ಸ್ಟೋರೇಜ್ ಡ್ರೈವರ್‌ಗೆ ಮಾತ್ರ. ಲಿನಕ್ಸ್‌ನಲ್ಲಿ ಇದಕ್ಕೆ ಡ್ರೈವರ್ ಇಲ್ಲ. ಕ್ಲೋನ್‌ಜಿಲ್ಲಾದ ಕರ್ನಲ್ ಲಾಗ್ ನೋಡಿದ್ರೆ ‘ಫೌಂಡ್ 1 ರಿಮ್ಯಾಪ್ಡ್ ಎನ್‌ವಿಎಂಇ ಡಿವೈಸಸ್’ ಅಂತ ಒಂದು ಸಾಲು ಇರುತ್ತೆ, ಅದರ ಕೆಳಗೇ ಬಯಾಸನ್ನ ರೇಡ್‌ನಿಂದ ಎಎಚ್‌ಸಿಐಗೆ ಬದಲಿಸಿ ಅಂತ ಸಲಹೆಯೂ ಇರುತ್ತೆ. ಹಾರ್ಡ್ ಡಿಸ್ಕ್ ಮಾತ್ರ ಸಾದಾ ಸಾಟಾ ಆದ್ದರಿಂದ ಎರಡೂ ಮೋಡ್‌ನಲ್ಲಿ ಕಾಣುತ್ತೆ.

ಇನ್ನು ನೀಲಿ ಪರದೆ. ಇನ್‌ಸ್ಟಾಲ್ ಆದಾಗ ಯಾವ ಕಂಟ್ರೋಲರ್ ಇತ್ತೋ ಅದರ ಡ್ರೈವರನ್ನಷ್ಟೇ ವಿಂಡೋಸ್ ಬೂಟ್ ಹೊತ್ತಿಗೆ ಎಬ್ಬಿಸುತ್ತೆ. ಉಳಿದವು ಫೈಲ್ ಆಗಿ ಇದ್ದರೂ ಮಲಗಿರುತ್ತವೆ. ಬಯಾಸ್‌ನಲ್ಲಿ ಏಕಾಏಕಿ ಎಎಚ್‌ಸಿಐ ಮಾಡಿದ್ರೆ ತನ್ನ ಸಿ ಡ್ರೈವನ್ನೇ ಓದಕ್ಕಾಗದೆ ನಿಂತುಬಿಡುತ್ತೆ. ಸೇಫ್ ಮೋಡ್‌ನಲ್ಲಿ ಈ ಕಟ್ಟುಪಾಡಿಲ್ಲ, ಮೂಲ ಸ್ಟೋರೇಜ್ ಡ್ರೈವರ್‌ಗಳನ್ನೆಲ್ಲ ಎಬ್ಬಿಸಿ ನೋಡುತ್ತೆ. ಬೇಕಾದ್ದು ಒಮ್ಮೆ ಹಿಡಿದುಕೊಂಡ್ರೆ ಮುಂದೆ ಸಾದಾ ಬೂಟ್‌ನಲ್ಲೂ ಅದೇ ಬರುತ್ತೆ. ಹಾಗಾಗಿ ಮೋಡ್ ಬದಲಾವಣೆ ಹಳೇ ಡಿಸ್ಕಿನ ಮೇಲೇ, ಕ್ಲೋನ್‌ಗೆ ಮುಂಚೆ ಆಗಬೇಕು. ಕ್ಲೋನ್ ಆದಮೇಲೂ ಎಎಚ್‌ಸಿಐನಲ್ಲೇ ಬಿಡಿ.

ಬಯಾಸ್ ಮುಟ್ಟೋ ಮುಂಚೆ ಮೂರು ವಿಷಯ ನೋಡಿಕೊಳ್ಳಿ.

ಡಿವೈಸ್ ಎನ್‌ಕ್ರಿಪ್ಷನ್: ಸೆಟ್ಟಿಂಗ್ಸ್, ಪ್ರೈವೆಸಿ ಆ್ಯಂಡ್ ಸೆಕ್ಯುರಿಟಿ, ಡಿವೈಸ್ ಎನ್‌ಕ್ರಿಪ್ಷನ್. ಆನ್ ಇದ್ದರೆ ಆಫ್ ಮಾಡಿ, ಡೀಕ್ರಿಪ್ಟ್ ಪೂರ್ತಿ ಮುಗಿಯೋವರೆಗೆ ಕಾಯಿರಿ. ತಿರುಗೋ ಡಿಸ್ಕಿನಲ್ಲಿ ಇದಕ್ಕೆ ಗಂಟೆಗಟ್ಟಲೆ ಹಿಡಿಯುತ್ತೆ. ಹೋಮ್ ಆವೃತ್ತಿಯಲ್ಲಿ ಬಿಟ್‌ಲಾಕರ್ (ಡಿಸ್ಕಿಗೆ ಬೀಗ ಹಾಕೋ ವಿಂಡೋಸ್ ಸೌಲಭ್ಯ) ಇಲ್ಲ ಅಂದುಕೊಂಡಿರ್ತಾರೆ, ಆದರೆ ಮೈಕ್ರೋಸಾಫ್ಟ್ ಖಾತೆಯಿಂದ ಲಾಗಿನ್ ಆದ ಮಷೀನ್‌ಗಳಲ್ಲಿ ಇದೇ ಹೆಸರಲ್ಲಿ ಅದು ತಾನೇ ಆನ್ ಆಗಿರಬಹುದು. ಆಫ್ ಮಾಡದೆ ಮುಂದುವರಿದ್ರೆ ಬೂಟ್‌ನಲ್ಲಿ 48 ಅಂಕಿಯ ರಿಕವರಿ ಕೀ ಕೇಳುತ್ತೆ.

ಪಾಸ್‌ವರ್ಡ್: ದಿನಾ ಪಿನ್ ಹಾಕಿ ಲಾಗಿನ್ ಆಗೋರಿಗೆ ಖಾತೆಯ ಪಾಸ್‌ವರ್ಡ್ ನೆನಪಿರಲ್ಲ. ಸೇಫ್ ಮೋಡ್‌ನಲ್ಲಿ ಪಿನ್ ಕೈಕೊಡೋದು ಸಾಮಾನ್ಯ. ಪಾಸ್‌ವರ್ಡ್ ಹಾಕಿ ಒಮ್ಮೆ ಲಾಗಿನ್ ಆಗಿ ಖಾತ್ರಿ ಮಾಡಿಕೊಳ್ಳಿ.

ಆಪ್ಟೇನ್: ನಿಮ್ಮ ಸ್ಲಾಟ್ ಖಾಲಿ ಇತ್ತು ಅಂದಿದ್ದೀರಿ, ಹಾಗಾಗಿ ಇದು ನಿಮಗಲ್ಲ, ಇದನ್ನ ಓದೋ ಬೇರೆಯವರಿಗೆ. ಅದೇ ಕಾಲದ ಎಷ್ಟೋ ಲ್ಯಾಪ್‌ಟಾಪ್ 1 ಟಿಬಿ ಹಾರ್ಡ್ ಡಿಸ್ಕ್ ಜೊತೆ ಅದರ ವೇಗ ಹೆಚ್ಚಿಸೋ ಇಂಟೆಲ್‌ನ 16 ಜಿಬಿ ಆಪ್ಟೇನ್ ಚಿಪ್ ಹಾಕಿಕೊಂಡೇ ಬಂದಿದ್ದವು. ಅಂಥದ್ದರಲ್ಲಿ ಮೊದಲು ಇಂಟೆಲ್ ಆ್ಯಪ್‌ನಲ್ಲಿ ಆಪ್ಟೇನ್ ಡಿಸೇಬಲ್ ಮಾಡಿ, ರೀಸ್ಟಾರ್ಟ್ ಆದಮೇಲೇ ಚಿಪ್ ಬಿಚ್ಚಬೇಕು. ಹಾಗೇ ಕಿತ್ತರೆ ಹಾರ್ಡ್ ಡಿಸ್ಕಿಗೆ ಇನ್ನೂ ಬರೆಯದ ಡೇಟಾ ಆ ಚಿಪ್ಪಿನಲ್ಲೇ ಉಳಿದಿರಬಹುದು, ಡಿಸ್ಕ್ ಒಂದೇ ಬೂಟ್ ಆಗದೇ ಹೋಗಬಹುದು.

ಇಷ್ಟಾದ ಮೇಲೆ ವಿಂಡೋಸ್ ಮತ್ತು ಆರ್ ಕೀ ಒಟ್ಟಿಗೆ ಒತ್ತಿ ‘ಎಂಎಸ್‌ಕಾನ್ಫಿಗ್’ ತೆಗೀರಿ. ಬೂಟ್ ಟ್ಯಾಬ್‌ನಲ್ಲಿ ‘ಸೇಫ್ ಬೂಟ್’ ಟಿಕ್ ಮಾಡಿ, ‘ಮಿನಿಮಲ್’ ಹಾಗೇ ಇರಲಿ, ಓಕೆ ಕೊಟ್ಟು ರೀಸ್ಟಾರ್ಟ್. ಡೆಲ್ ಲೋಗೋ ಬಂದ ಕೂಡಲೇ ಎಫ್2 ಒತ್ತುತ್ತಾ ಬಯಾಸ್‌ಗೆ ಹೋಗಿ. ಸಾಟಾ ಆಪರೇಷನ್ ಎಎಚ್‌ಸಿಐಗೆ ಬದಲಿಸಿ, ಅಪ್ಲೈ, ಎಕ್ಸಿಟ್. ಮಧ್ಯದಲ್ಲಿ ವಿಂಡೋಸ್ ರೇಡ್‌ನಲ್ಲೇ ಎದ್ದುಬಿಟ್ಟರೆ ಗಾಬರಿ ಬೇಡ, ಮತ್ತೆ ರೀಸ್ಟಾರ್ಟ್ ಮಾಡಿ ಎಫ್2 ಹಿಡೀರಿ. ಸೇಫ್ ಮೋಡ್‌ನಲ್ಲಿ ಲಾಗಿನ್ ಆಗಿ ಅದೇ ಎಂಎಸ್‌ಕಾನ್ಫಿಗ್‌ನಲ್ಲಿ ಟಿಕ್ ತೆಗೆದು ಮತ್ತೊಮ್ಮೆ ರೀಸ್ಟಾರ್ಟ್. ಈಗ ಸಾದಾ ವಿಂಡೋಸ್ ಬರಬೇಕು. ಡಿವೈಸ್ ಮ್ಯಾನೇಜರ್‌ನಲ್ಲಿ ‘ಸ್ಟ್ಯಾಂಡರ್ಡ್ ಎನ್‌ವಿಎಂ ಎಕ್ಸ್‌ಪ್ರೆಸ್ ಕಂಟ್ರೋಲರ್’ ಇದೆಯಾ ನೋಡಿ. ಅದು ಇಲ್ಲಿ ಕಾಣಬೇಕಾದ್ದು ಮುಖ್ಯ. ನಾಳೆ ಎಸ್‌ಎಸ್‌ಡಿಯಿಂದ ಬೂಟ್ ಆಗುವಾಗ ಬೇಕಾಗೋದು ಇದೇ ಡ್ರೈವರ್, ಈಗಲೇ ಎದ್ದಿದ್ದರೆ ಕ್ಲೋನ್ ಜೊತೆಗೇ ಹೋಗುತ್ತೆ.

ಕೊನೆಗೆ ಫಾಸ್ಟ್ ಸ್ಟಾರ್ಟಪ್ ಆಫ್ ಮಾಡಿ: ಕಂಟ್ರೋಲ್ ಪ್ಯಾನೆಲ್, ಪವರ್ ಆಪ್ಷನ್ಸ್, ‘ಚೂಸ್ ವಾಟ್ ದ ಪವರ್ ಬಟನ್ಸ್ ಡು’. ಇದು ಆನ್ ಇದ್ದರೆ ಶಟ್‌ಡೌನ್ ಅಂದಾಗ ವಿಂಡೋಸ್ ಅರ್ಧ ನಿದ್ದೆಗೆ ಹೋಗುತ್ತೆ, ವಿಂಡೋಸ್‌ನ ಫೈಲ್‌ಸಿಸ್ಟಮ್ ಎನ್‌ಟಿಎಫ್‌ಎಸ್ ಇನ್ನೂ ತೆರೆದೇ ಇದೆ ಅಂತ ಗುರುತು ಉಳಿಯುತ್ತೆ, ಕ್ಲೋನ್‌ಜಿಲ್ಲಾ ಆ ಪಾರ್ಟಿಷನ್ ಮುಟ್ಟಲ್ಲ ಅನ್ನುತ್ತೆ.

ರಿಪೇರಿಮೇಜು ಉತ್ತರ:

ಮೇಲಿನವರು ಹೇಳಿದ್ದು ಸರಿ, ಆದರೆ ಕ್ಲೋನ್ ಒಂದೇ ಗುರಿಯಾದ್ರೆ ಬಯಾಸ್ ಮುಟ್ಟಲೇಬೇಕು ಅಂತೇನಿಲ್ಲ. ವಿಂಡೋಸ್ ಒಳಗೆ ಎಸ್‌ಎಸ್‌ಡಿ ಕಾಣ್ತಿದೆ ಅಂದಮೇಲೆ ವಿಂಡೋಸ್ ಒಳಗಿಂದಲೇ ಕ್ಲೋನ್ ಮಾಡಬಹುದು. ಕ್ರೂಶಿಯಲ್, ವೆಸ್ಟರ್ನ್ ಡಿಜಿಟಲ್, ಕಿಂಗ್‌ಸ್ಟನ್ ಡಿಸ್ಕ್ ಕೊಂಡವರಿಗೆ ಆಕ್ರೋನಿಸ್ ಟ್ರೂ ಇಮೇಜ್‌ನ ಉಚಿತ ಆವೃತ್ತಿ ಸಿಗುತ್ತೆ, ಸ್ಯಾಮ್‌ಸಂಗ್‌ಗೆ ಅದರದ್ದೇ ಉಪಕರಣ ಇದೆ. ಇಂಟೆಲ್ ಡ್ರೈವರ್ ಈಗಾಗಲೇ ಬೂಟ್ ಪಟ್ಟಿಯಲ್ಲಿದೆ, ಅದೇ ಡ್ರೈವರ್ ಎನ್‌ವಿಎಂಇಯನ್ನೂ ನೋಡಿಕೊಳ್ಳುತ್ತೆ. ರೇಡ್ ಆನ್‌ನಲ್ಲೇ ಕ್ಲೋನ್, ರೇಡ್ ಆನ್‌ನಲ್ಲೇ ಬೂಟ್. ಒಂದೇ ಡಿಸ್ಕ್ ಇರೋ ಲ್ಯಾಪ್‌ಟಾಪ್‌ನಲ್ಲಿ ದಿನನಿತ್ಯದ ವೇಗದಲ್ಲಿ ನಿಮಗೆ ವ್ಯತ್ಯಾಸ ಗೊತ್ತಾಗಲ್ಲ.

ಮ್ಯಾಕ್ರಿಯಂ ರಿಫ್ಲೆಕ್ಟ್ ಫ್ರೀ ಹಾಕಿ ಅಂತ ಹಳೇ ಯೂಟ್ಯೂಬ್ ವಿಡಿಯೋಗಳಲ್ಲಿ ಹೇಳ್ತಾರೆ. ಅದರ ಉಚಿತ ಆವೃತ್ತಿಗೆ 2024ರ ಜನವರಿಯಿಂದ ಬೆಂಬಲ ನಿಂತಿದೆ, ಅದರ ಹೆಸರಲ್ಲಿ ಸಿಗೋ ಸಿಕ್ಕಸಿಕ್ಕ ಡೌನ್‌ಲೋಡ್ ಸೈಟ್‌ಗಳ ಕಡೆ ಹೋಗಬೇಡಿ.

11ನೇ ತಲೆಮಾರು ಮತ್ತು ಮುಂದಿನ ಇಂಟೆಲ್ ಲ್ಯಾಪ್‌ಟಾಪ್ ಇರೋರಿಗೆ ಒಂದು ಮಾತು. ಅವುಗಳಲ್ಲಿ ಎನ್‌ವಿಎಂಇಯನ್ನ ಕಂಟ್ರೋಲರ್ ಹಿಂದೆ ಇಡೋ ಇದೇ ಕೆಲಸ ‘ವಿಎಂಡಿ’ ಅನ್ನೋ ಹೆಸರಲ್ಲಿ ನಡೆಯುತ್ತೆ. ವಿಎಂಡಿಗೆ ಲಿನಕ್ಸ್‌ನಲ್ಲಿ ಡ್ರೈವರ್ ಇದೆ, ಆದ್ದರಿಂದ ಹೊಸ ಕ್ಲೋನ್‌ಜಿಲ್ಲಾದಲ್ಲಿ ಡಿಸ್ಕ್ ಸಾಮಾನ್ಯವಾಗಿ ಕಾಣುತ್ತೆ. ತಕರಾರು ಮಾಡೋದು ವಿಂಡೋಸ್ ಇನ್‌ಸ್ಟಾಲ್ ಪೆನ್‌ಡ್ರೈವ್, ಅದರಲ್ಲಿ ಡಿಸ್ಕೇ ಕಾಣದೆ ಡ್ರೈವರ್ ಕೇಳುತ್ತೆ. ಏಸರ್‌ನಲ್ಲಿ ಈ ವಿಎಂಡಿ ಆಯ್ಕೆ ಕಣ್ಣಿಗೇ ಬೀಳಲ್ಲ, ಬಯಾಸ್‌ನ ಮೇನ್ ಟ್ಯಾಬ್‌ನಲ್ಲಿ ಕಂಟ್ರೋಲ್ ಮತ್ತು ಎಸ್ ಒಟ್ಟಿಗೆ ಒತ್ತಿದ್ರೆ ಹೊರಗೆ ಬರುತ್ತೆ. ಎಫ್12 ಬೂಟ್ ಮೆನು ಕೂಡ ಅದೇ ಮೇನ್ ಟ್ಯಾಬ್‌ನಲ್ಲಿ ಎನೇಬಲ್ ಮಾಡಿದ್ರೆ ಮಾತ್ರ ಕೆಲಸ ಮಾಡುತ್ತೆ. ಸೆಕ್ಯೂರ್ ಬೂಟ್ (ನಂಬಿಕೆಯ ಸಹಿ ಇರೋದನ್ನಷ್ಟೇ ಬೂಟ್ ಆಗಕ್ಕೆ ಬಿಡೋ ಕಾವಲು) ಸಾಲು ಬೂದು ಬಣ್ಣದಲ್ಲಿ ಬದಲಿಸಕ್ಕಾಗದೆ ಇದ್ದರೆ ಸೂಪರ್‌ವೈಸರ್ ಪಾಸ್‌ವರ್ಡ್ ಇಟ್ಟಮೇಲೆ ಬಿಚ್ಚಿಕೊಳ್ಳುತ್ತೆ. ಕೆಲಸ ಮುಗಿದ ಮೇಲೆ ಆ ಪಾಸ್‌ವರ್ಡ್ ತೆಗೆದುಬಿಡಿ, ಮರೆತರೆ ಸರ್ವಿಸ್ ಸೆಂಟರ್ ದಾರಿಯೇ ಗತಿ. ಹೊಸ ಥಿಂಕ್‌ಪ್ಯಾಡ್‌ಗಳಲ್ಲಿ ಇನ್ನೊಂದು ಗಂಟಿದೆ. ಸೆಕ್ಯೂರ್ ಬೂಟ್ ಕೆಳಗೆ ‘ಅಲೋ ಮೈಕ್ರೋಸಾಫ್ಟ್ ಥರ್ಡ್ ಪಾರ್ಟಿ ಯುಇಎಫ್‌ಐ ಸಿಎ’ ಅನ್ನೋದು ಆಫ್ ಇರುತ್ತೆ, ಅದು ಆನ್ ಆಗೋವರೆಗೆ ಯಾವ ಲಿನಕ್ಸ್ ಪೆನ್‌ಡ್ರೈವೂ ಏಳಲ್ಲ.

ಬೂಟ್‌ಕೊಟ್ಟೂರು:

ರೇಡ್ ಆನ್‌ನಲ್ಲೇ ಬಿಟ್ಟರೂ ನಡೆಯುತ್ತೆ, ಅದರಲ್ಲಿ ಜಗಳ ಇಲ್ಲ. ಆದರೆ ಬ್ಯಾಕಪ್ ಬೇಕಾಗೋದು ವಿಂಡೋಸ್ ಕೆಟ್ಟಾಗ. ಆಗ ಕೈಯಲ್ಲಿರೋದು ಪೆನ್‌ಡ್ರೈವ್ ಒಂದೇ, ಆ ಪೆನ್‌ಡ್ರೈವ್‌ಗೆ ಡಿಸ್ಕ್ ಕಾಣದಿದ್ರೆ ಇಮೇಜ್ (ಡಿಸ್ಕಿನ ಪೂರ್ತಿ ಪ್ರತಿ, ಫೈಲ್ ರೂಪದಲ್ಲಿ) ಇದ್ದೂ ಪ್ರಯೋಜನ ಇಲ್ಲ. ಎಎಚ್‌ಸಿಐ ಮಾಡಿಕೊಳ್ಳಿ ಅನ್ನೋದು ಅದಕ್ಕೇ.

ಹಳೇಡಿಸ್ಕ್_ಹೊಸಡಿಸ್ಕ್:

ಇಬ್ಬರಿಗೂ ಧನ್ಯವಾದ. ಎನ್‌ಕ್ರಿಪ್ಷನ್ ಆಫ್ ಇತ್ತು. ಸೇಫ್ ಬೂಟ್ ದಾರಿಯಲ್ಲಿ ಎಎಚ್‌ಸಿಐ ಆಯ್ತು, ವಿಂಡೋಸ್ ಸರಿಯಾಗಿ ಏಳ್ತಿದೆ, ಡಿವೈಸ್ ಮ್ಯಾನೇಜರ್‌ನಲ್ಲಿ ಆ ಕಂಟ್ರೋಲರ್ ಇದೆ, ಕ್ಲೋನ್‌ಜಿಲ್ಲಾದಲ್ಲೂ ಎಸ್‌ಎಸ್‌ಡಿ ಬಂತು. ಈಗ ಬೇರೆ ತಕರಾರು: ಹೊಸ ಡಿಸ್ಕ್ ಚಿಕ್ಕದು ಅಂತ ಕ್ಲೋನ್‌ಜಿಲ್ಲಾ ನಿಲ್ಲಿಸ್ತಿದೆ. ಡಿಸ್ಕ್ ಮ್ಯಾನೇಜ್‌ಮೆಂಟ್‌ನಲ್ಲಿ ಸಿ ಡ್ರೈವನ್ನ 400 ಜಿಬಿಗೆ ಶ್ರಿಂಕ್ ಮಾಡಿದೆ, ಆಮೇಲೂ ಅದೇ ಮಾತು. ಪಾರ್ಟಿಷನ್‌ಗಳು ಸಾಲಾಗಿ ಹೀಗಿವೆ: ಇಎಫ್‌ಐ (ಬೂಟ್ ಫೈಲ್‌ಗಳಿರೋದು) 650 ಎಂಬಿ, ಸಿ ಡ್ರೈವ್, ಖಾಲಿ ಜಾಗ, ರಿಕವರಿ 990 ಎಂಬಿ, ಇನ್ನೊಂದು ರಿಕವರಿ 12 ಜಿಬಿ ಹತ್ತಿರ, ಕೊನೆಯಲ್ಲಿ 1 ಜಿಬಿ ಚಿಲ್ಲರೆ.

ಸೆಕ್ಟರ್‌ಲೆಕ್ಕ ಉತ್ತರ:

ಕ್ಲೋನ್‌ಜಿಲ್ಲಾ ನೋಡೋದು ಎಷ್ಟು ತುಂಬಿದೆ ಅಂತಲ್ಲ, ಡಿಸ್ಕ್ ಎಷ್ಟು ದೊಡ್ಡದು, ಕೊನೆಯ ಪಾರ್ಟಿಷನ್ ಎಲ್ಲಿ ಮುಗಿಯುತ್ತೆ ಅಂತ. ನೀವು ಸಿ ಕುಗ್ಗಿಸಿದ್ರೂ ಡೆಲ್‌ನ ಮೂರು ರಿಕವರಿ ಪಾರ್ಟಿಷನ್‌ಗಳು 931 ಜಿಬಿ ಅಂಚಿನಲ್ಲೇ ಕೂತಿವೆ. ಮಧ್ಯದ ಖಾಲಿ ಜಾಗದಿಂದ ಏನೂ ಉಪಯೋಗ ಇಲ್ಲ.

ಸೈಜಿನ ವಿಷಯ ಬಂದಿದ್ದರಿಂದ ಎಲ್ಲರಿಗೂ ಕೆಲಸಕ್ಕೆ ಬರೋ ಲೆಕ್ಕ ಬರೀತೀನಿ. ಡಬ್ಬದ ಮೇಲೆ 480, 500, 512 ಅಂತ ಇರೋದು ಹತ್ತಿರ ಹತ್ತಿರದ ಸಂಖ್ಯೆ ಅನಿಸುತ್ತೆ, ಕ್ಲೋನ್‌ಗೆ ಹಾಗಲ್ಲ. 480 ಅಂದ್ರೆ 480,10,39,81,056 ಬೈಟ್ ಆಸುಪಾಸು ಅಲ್ಲ, ಸರಿಯಾಗಿ ಅಷ್ಟೇ, ಅಂದರೆ 93,77,03,088 ಸೆಕ್ಟರ್. 500 ಅಂದ್ರೆ 97,67,73,168 ಸೆಕ್ಟರ್. 512 ಅಂದ್ರೆ 100,02,15,216 ಸೆಕ್ಟರ್. ಪ್ರತಿ ಸೆಕ್ಟರ್ 512 ಬೈಟ್. ಡಿಸ್ಕ್ ಕಂಪನಿಗಳೆಲ್ಲ ಸಾಮಾನ್ಯವಾಗಿ ಇದೇ ಕೋಷ್ಟಕ ಅನುಸರಿಸೋದ್ರಿಂದ 500ರಿಂದ ಇನ್ನೊಂದು ಕಂಪನಿಯ 500ಕ್ಕೆ ಕ್ಲೋನ್ ತೊಂದರೆ ಇಲ್ಲದೆ ಹೋಗುತ್ತೆ. 512ರಿಂದ 500ಕ್ಕೆ 12 ಜಿಬಿ ಸಾಲಲ್ಲ, ನಿಂತುಹೋಗುತ್ತೆ. 1 ಟಿಬಿ ಹಾರ್ಡ್ ಡಿಸ್ಕಿಗೆ 1 ಟಿಬಿ ಎಸ್‌ಎಸ್‌ಡಿ ತಂದರೆ ಈ ತಲೆನೋವೇ ಇರಲ್ಲ, ಕೊಳ್ಳೋ ಮುಂಚೆ ಕೇಳೋರು ಇದನ್ನ ಗಮನಿಸಿ.

ನಿಮ್ಮ ಸ್ಥಿತಿಗೆ ಬರೋಣ. ಕ್ಲೋನ್‌ಜಿಲ್ಲಾದ ಎಕ್ಸ್‌ಪರ್ಟ್ ಮೋಡ್‌ನಲ್ಲಿ ಸೈಜ್ ಪರೀಕ್ಷೆ ಬಿಡಿಸೋ ‘ಐಸಿಡಿಎಸ್’, ಪಾರ್ಟಿಷನ್ ಟೇಬಲನ್ನ ಅನುಪಾತಕ್ಕೆ ತಕ್ಕಂತೆ ಬರೆಯೋ ‘ಕೆ1’ ಅಂತ ಎರಡು ಆಯ್ಕೆ ಇವೆ. ನೆಟ್‌ನಲ್ಲಿ ಹುಡುಕಿದ್ರೆ ಇವೆರಡನ್ನ ಹಾಕಿ ಅಂತಲೇ ಸಿಗುತ್ತೆ. ನಿಮ್ಮಂಥ ಹಲವು ಪಾರ್ಟಿಷನ್ ಇರೋ ಡಿಸ್ಕಿಗೆ ನಾನು ಇದನ್ನ ಹೇಳಲ್ಲ. ಅನುಪಾತದ ಲೆಕ್ಕದಲ್ಲಿ ಚಿಕ್ಕ ಪಾರ್ಟಿಷನ್‌ಗೂ ಕತ್ತರಿ ಬಿದ್ದರೆ ಅದರೊಳಗಿನ ಫೈಲ್‌ಸಿಸ್ಟಮ್ ಹಿಡಿಸದೆ ‘ಟಾರ್ಗೆಟ್ ಪಾರ್ಟಿಷನ್ ಸೈಜ್ ಈಸ್ ಸ್ಮಾಲರ್ ದ್ಯಾನ್ ಸೋರ್ಸ್’ ಅಂತ ಮಧ್ಯದಲ್ಲಿ ನಿಲ್ಲಬಹುದು. ಪಾರ್ಟಿಷನ್ ಬದಲಿಸೋ ಉಪಕರಣ ಜಿಪಾರ್ಟೆಡ್ ಹಾಕಿ ಬಾಲದ ಮೂರು ಪಾರ್ಟಿಷನ್‌ಗಳನ್ನ ಎಡಕ್ಕೆ ಸರಿಸೋದು ಇನ್ನೊಂದು ದಾರಿ. ಮಾಡಬಹುದು, ಆದರೆ ಸರಿಸುವಾಗ ಮಷೀನ್ ನಿಂತರೆ ಆ ಪಾರ್ಟಿಷನ್ ಹೋದಂತೆಯೇ.

ಆದ್ದರಿಂದ ಕೆಲಸವನ್ನ ಎರಡಾಗಿ ಹಂಚಿ. ಕ್ಲೋನ್‌ಜಿಲ್ಲಾವನ್ನ ಬ್ಯಾಕಪ್‌ಗೆ ಬಳಸಿ, ಕ್ಲೋನ್‌ಗೆ ಮೇಲೆ ರಿಪೇರಿಮೇಜು ಹೇಳಿದ ಹಾಗೆ ಎಸ್‌ಎಸ್‌ಡಿ ಜೊತೆ ಸಿಗೋ ಆಕ್ರೋನಿಸ್ ಬಳಸಿ. ಚಿಕ್ಕ ಡಿಸ್ಕಿಗೆ ಹಿಡಿಸೋ ಹಾಗೆ ಸಿ ಡ್ರೈವ್ ಮಾತ್ರ ಕುಗ್ಗಿಸಿ ಉಳಿದವನ್ನ ಹಾಗೇ ಕೂರಿಸೋ ಕೆಲಸ ಅದು ಚೆನ್ನಾಗಿ ಮಾಡುತ್ತೆ.

ಬ್ಯಾಕಪ್ ಮೊದಲು, ಕ್ಲೋನ್ ಆಮೇಲೆ. ಮೂಲ ಯಾವುದು ಗುರಿ ಯಾವುದು ಅಂತ ಅದಲು ಬದಲಾದ್ರೆ ಖಾಲಿ ಡಿಸ್ಕ್ ತುಂಬಿದ ಡಿಸ್ಕಿನ ಮೇಲೆ ಬರೆದುಬಿಡುತ್ತೆ, ಹಿಂದೆ ಬರೋ ದಾರಿ ಇಲ್ಲ. ಹೊರಗಿನ ಯುಎಸ್‌ಬಿ ಹಾರ್ಡ್ ಡಿಸ್ಕ್ ಹಚ್ಚಿ, ಕ್ಲೋನ್‌ಜಿಲ್ಲಾದಲ್ಲಿ ‘ಡಿವೈಸ್ ಇಮೇಜ್’, ನಂತರ ‘ಸೇವ್‌ಡಿಸ್ಕ್’ ಆರಿಸಿ. ಬಳಕೆಯಾದ ಬ್ಲಾಕ್‌ಗಳನ್ನಷ್ಟೇ ಓದಿ ಕುಗ್ಗಿಸಿ ಇಡುತ್ತೆ, ಆದ್ದರಿಂದ ನಿಮ್ಮ 190 ಜಿಬಿಗೆ 200 ಜಿಬಿ ಖಾಲಿ ಇದ್ದರೆ ಧಾರಾಳ. ಕೊನೆಯಲ್ಲಿ ಇಮೇಜ್ ಪರೀಕ್ಷೆ ಮಾಡಬೇಕಾ ಅಂತ ಕೇಳಿದಾಗ ಹೌದು ಅನ್ನಿ. ಹಾರ್ಡ್ ಡಿಸ್ಕ್ ಸೆಕೆಂಡಿಗೆ ಸುಮಾರು 100 ಎಂಬಿ ಓದಿದ್ರೆ ಅರ್ಧ ಗಂಟೆ ಮೇಲೆ ಸ್ವಲ್ಪ. ಯುಎಸ್‌ಬಿ 2 ಪೋರ್ಟಿಗೆ ಚುಚ್ಚಿದ್ರೆ 35 ಎಂಬಿ ದಾಟಲ್ಲ, ಒಂದೂವರೆ ಗಂಟೆ. ಲ್ಯಾಪ್‌ಟಾಪ್ ಚಾರ್ಜರ್ ಹಚ್ಚಿರಲಿ, ಬ್ಯಾಟರಿ ತುಂಬಿರಲಿ, ಕರೆಂಟ್ ಹೋದರೂ ಕೆಲಸ ನಿಲ್ಲಬಾರದು.

ಇಮೇಜ್ ತೆಗೆಯೋ ಮುಂಚೆ ಹಳೇ ಡಿಸ್ಕಿನ ಸ್ಮಾರ್ಟ್ ಮಾಹಿತಿ (ಡಿಸ್ಕ್ ತನ್ನ ಆರೋಗ್ಯದ ಬಗ್ಗೆ ತಾನೇ ಇಡೋ ಲೆಕ್ಕ) ಒಂದ್ಸಲ ನೋಡಿ, ಕ್ರಿಸ್ಟಲ್‌ಡಿಸ್ಕ್‌ಇನ್ಫೋ ಸಾಕು. 05, ಸಿ5, ಸಿ6 ಸಾಲುಗಳ ಕಚ್ಚಾ ಮೌಲ್ಯ ಸೊನ್ನೆ ಇರಬೇಕು. ಸಿ5 ಅಂದ್ರೆ ಓದಕ್ಕಾಗದೆ ಬಾಕಿ ಇರೋ ಸೆಕ್ಟರ್‌ಗಳು. ಅದು ಸೊನ್ನೆ ಅಲ್ಲದಿದ್ರೆ ವಿಂಡೋಸ್ ಒಳಗಿನ ಕ್ಲೋನ್ ಅಲ್ಲೇ ತೊಡರಿಕೊಂಡು ಗಂಟೆಗಟ್ಟಲೆ ಕೂರುತ್ತೆ, ಡಿಸ್ಕ್ ಇನ್ನೂ ಹಾಳಾಗುತ್ತೆ. ಆಗ ಕ್ಲೋನ್ ವಿಚಾರ ಬಿಟ್ಟು, ಕೆಟ್ಟ ಡಿಸ್ಕಿನಿಂದ ಡೇಟಾ ಎತ್ತೋ ಡಿಡಿರೆಸ್ಕ್ಯೂ ಹಾಕಿ. ಅದು ಓದಲು ಸುಲಭವಾದ ಭಾಗ ಮೊದಲು ಎತ್ತಿಕೊಂಡು, ಕಷ್ಟದ ಜಾಗಕ್ಕೆ ಕೊನೆಗೆ ಕೈ ಹಾಕುತ್ತೆ, ಎಲ್ಲಿವರೆಗೆ ಬಂತು ಅಂತ ಮ್ಯಾಪ್ ಫೈಲ್‌ನಲ್ಲಿ ಬರೆದಿಟ್ಟುಕೊಳ್ಳುತ್ತೆ.

ಎಂ.2 ಸ್ಲಾಟ್ ಇಲ್ಲದೆ ಸಾಟಾ ಎಸ್‌ಎಸ್‌ಡಿಯನ್ನ ಯುಎಸ್‌ಬಿ ಕೇಸ್‌ನಲ್ಲಿಟ್ಟು ಕ್ಲೋನ್ ಮಾಡೋರು ಗಮನಿಸಿ: ಕೆಲವು ಹಳೇ ಕೇಸ್‌ಗಳು 512 ಬೈಟ್ ಸೆಕ್ಟರನ್ನ 4096 ಅಂತ ತೋರಿಸುತ್ತವೆ. ಕ್ಲೋನ್ ಮುಗಿಯುತ್ತೆ, ಕೇಸ್‌ನಲ್ಲಿದ್ದಾಗ ಫೈಲೂ ಕಾಣುತ್ತೆ, ಡಿಸ್ಕನ್ನ ಒಳಗೆ ಕೂರಿಸಿದ ಮೇಲೆ ಮಾತ್ರ ಪಾರ್ಟಿಷನ್ನೇ ಇಲ್ಲ ಅನ್ನುತ್ತೆ.

ಬೂಟ್‌ಕೊಟ್ಟೂರು:

ಸೆಕ್ಟರ್‌ಲೆಕ್ಕ ಅವರು ಹೇಳಿದ ಕ್ರಮ ಸರಿ. ಜನ ಎಡವೋದು ಅದರ ನಂತರದ ಹೆಜ್ಜೆಯಲ್ಲಿ, ಮೊದಲ ಬೂಟ್‌ನಲ್ಲಿ.

ಕ್ಲೋನ್ ಮುಗಿದಾಗ ಎರಡು ಡಿಸ್ಕಿನಲ್ಲೂ ಒಂದೇ ಗುರುತಿನ ಸಂಖ್ಯೆ ಇರಬಹುದು. ಎರಡೂ ಹಚ್ಚಿಕೊಂಡು ಬೂಟ್ ಮಾಡಿದ್ರೆ ಹೊಸದರಿಂದ ಎದ್ದೆ ಅಂತ ಅಂದುಕೊಂಡಿರ್ತೀರಿ, ನಿಜಕ್ಕೂ ಎದ್ದಿರೋದು ಹಳೇದರಿಂದ. ಇಲ್ಲವೇ ವಿಂಡೋಸ್ ಒಂದನ್ನ ‘ಸಿಗ್ನೇಚರ್ ಕೊಲಿಷನ್’ ಅಂತ ಆಫ್‌ಲೈನ್ ಇಡುತ್ತೆ. ಆಕ್ರೋನಿಸ್ ಶಟ್‌ಡೌನ್ ಮಾಡಲಾ ಅಂತ ಕೇಳಿದಾಗ ಹೌದು ಅನ್ನಿ, ರೀಸ್ಟಾರ್ಟ್ ಬೇಡ. ನಂತರ ಹಳೇ ಡಿಸ್ಕ್ ಕಣ್ಮರೆ ಮಾಡಿ. ಕವರ್ ಬಿಚ್ಚಬೇಕಾಗಿಲ್ಲ. ಡೆಲ್ ಬಯಾಸ್‌ನ ‘ಸಿಸ್ಟಮ್ ಕಾನ್ಫಿಗರೇಷನ್’ ಕೆಳಗೆ ‘ಡ್ರೈವ್ಸ್’ ಅನ್ನೋ ಪುಟ ಇದ್ದರೆ ಅಲ್ಲಿ ಪ್ರತಿ ಪೋರ್ಟಿಗೂ ಒಂದು ಟಿಕ್ ಇರುತ್ತೆ. ಹಾರ್ಡ್ ಡಿಸ್ಕಿನ ಸಾಟಾ ಪೋರ್ಟಿನ ಟಿಕ್ ತೆಗೆದು ಅಪ್ಲೈ ಕೊಡಿ. ಎನ್‌ವಿಎಂಇಗೆ ಬೇರೆ ಸಾಲಿರುತ್ತೆ, ಅದನ್ನ ಮುಟ್ಟಬೇಡಿ. ಆ ಪುಟ ಇಲ್ಲದ ಮಾದರಿಯಾದ್ರೆ ಹಾರ್ಡ್ ಡಿಸ್ಕ್ ಕೇಬಲ್ ಬಿಡಿಸಲೇಬೇಕು.

ಈಗ ಆನ್ ಮಾಡಿ. ನೇರ ವಿಂಡೋಸ್ ಬಂದ್ರೆ ಸರಿ. ‘ನೋ ಬೂಟಬಲ್ ಡಿವೈಸ್’ ಅಂದ್ರೆ ಎಫ್12 ಒತ್ತಿ ಬೂಟ್ ಮೆನುವಿನಲ್ಲಿ ‘ವಿಂಡೋಸ್ ಬೂಟ್ ಮ್ಯಾನೇಜರ್’ ಇದೆಯಾ ನೋಡಿ. ಇಲ್ಲದಿದ್ರೆ ಬಯಾಸ್‌ನ ಬೂಟ್ ಸೀಕ್ವೆನ್ಸ್‌ನಲ್ಲಿ ‘ಆ್ಯಡ್ ಬೂಟ್ ಆಪ್ಷನ್’ ಕೊಟ್ಟು, ಎಸ್‌ಎಸ್‌ಡಿಯ ಇಎಫ್‌ಐ ಪಾರ್ಟಿಷನ್ ಆರಿಸಿ. ಅದರಲ್ಲಿ ಇಎಫ್‌ಐ ಫೋಲ್ಡರ್, ಅದರೊಳಗೆ ಮೈಕ್ರೋಸಾಫ್ಟ್, ಅದರೊಳಗೆ ಬೂಟ್, ಅಲ್ಲಿರೋ ‘ಬೂಟ್‌ಎಂಜಿಎಫ್‌ಡಬ್ಲ್ಯೂ’ ಅನ್ನೋ ಫೈಲ್ ತೋರಿಸಿದ್ರೆ ಆಯ್ತು. ಫರ್ಮ್‌ವೇರ್ ನೆನಪಿಟ್ಟುಕೊಂಡಿರೋದು ಹಳೇ ಪಾರ್ಟಿಷನ್ನಿನ ವಿಳಾಸ, ಅದು ಬದಲಾಗಿದ್ದರೆ ಹೀಗೆ ಕೈಯಾರೆ ಹೇಳಬೇಕಾಗುತ್ತೆ.

ಬೂಟ್ ಮ್ಯಾನೇಜರ್ ಎದ್ದು, ಲೋಗೋ ಬಂದಮೇಲೆ ನೀಲಿ ಪರದೆ ಬಂದ್ರೆ ಅದು ಎನ್‌ವಿಎಂಇ ಡ್ರೈವರ್ ಕಥೆ. ಡ್ರೈವ್ಸ್ ಪುಟದಲ್ಲಿ ಹಳೇದನ್ನ ಆನ್ ಮಾಡಿ, ಅದರಿಂದ ಎದ್ದು, ಎಂಎಸ್‌ಕಾನ್ಫಿಗ್‌ನಲ್ಲಿ ಸೇಫ್ ಬೂಟ್ ಟಿಕ್ ಇಟ್ಟೇ ಮತ್ತೆ ಕ್ಲೋನ್ ಮಾಡಿ. ಆ ಟಿಕ್ ಕೂಡ ಡಿಸ್ಕಿನ ಮೇಲೇ ಬರೆದಿರೋದ್ರಿಂದ ಹೊಸ ಡಿಸ್ಕ್ ತನ್ನ ಮೊದಲ ಬೂಟನ್ನೇ ಸೇಫ್ ಮೋಡ್‌ನಲ್ಲಿ ಮಾಡುತ್ತೆ.

ಎಚ್61_ಇನ್ನೂಬದುಕಿದೆ ಕೇಳಿದ್ದು:

ಇದೇ ದಾರದಲ್ಲಿ ಕೇಳ್ತೀನಿ, ಕ್ಷಮಿಸಿ. ಅಂಗಡಿಯ ಡೆಸ್ಕ್‌ಟಾಪ್, ಹಳೇ ಇಂಟೆಲ್ ಎಚ್61 ಮದರ್‌ಬೋರ್ಡ್, 500 ಜಿಬಿ ಹಾರ್ಡ್ ಡಿಸ್ಕ್, ವಿಂಡೋಸ್ 10, ಲೆಗಸಿ (ಯುಇಎಫ್‌ಐಗಿಂತ ಹಳೇ ಬಗೆಯ) ಬೂಟ್, ಎಂಬಿಆರ್ (ಹಳೇ ಬಗೆಯ ಪಾರ್ಟಿಷನ್ ಟೇಬಲ್). ಪಿಸಿಐಇ ಅಡಾಪ್ಟರ್ ಹಾಕಿ ಎನ್‌ವಿಎಂಇಗೆ ಕ್ಲೋನ್ ಮಾಡಬಹುದಾ?

ಸೆಕ್ಟರ್‌ಲೆಕ್ಕ:

ಬೇಡ. ಆ ಕಾಲದ ಫರ್ಮ್‌ವೇರ್‌ನಲ್ಲಿ ಎನ್‌ವಿಎಂಇಗೆ ಡ್ರೈವರ್ ಇಲ್ಲ. ವಿಂಡೋಸ್ 10 ಎದ್ದಮೇಲೆ ಡಿಸ್ಕ್ ಕಾಣುತ್ತೆ, ಅದರಿಂದ ಬೂಟ್ ಮಾತ್ರ ಆಗಲ್ಲ. 500 ಜಿಬಿಯದ್ದೇ 2.5 ಇಂಚಿನ ಸಾಟಾ ಎಸ್‌ಎಸ್‌ಡಿ ತನ್ನಿ. ಎಚ್61 ಚಿಪ್‌ಸೆಟ್‌ನಲ್ಲಿರೋದು ಸೆಕೆಂಡಿಗೆ 3 ಗಿಗಾಬಿಟ್‌ನ ಸಾಟಾ, ಡಬ್ಬದ ಮೇಲಿನ ವೇಗದಲ್ಲಿ ಅರ್ಧ ಸಿಕ್ಕೀತು. ಹಾರ್ಡ್ ಡಿಸ್ಕ್ ಮುಂದೆ ಅದೂ ದೊಡ್ಡದೇ. ಎಂಬಿಆರ್‌ನಿಂದ ಹೊಸ ಬಗೆಯ ಜಿಪಿಟಿಗೆ ಬದಲಿಸೋ ಗೊಡವೆ ನಿಮಗೆ ಬೇಡ, 2 ಟಿಬಿ ಒಳಗಿನ ಡಿಸ್ಕಿಗೆ ಎಂಬಿಆರ್ ಸಾಕು, ಲೆಗಸಿ ಹಾಗೇ ಇರಲಿ.

ಬಯಾಸ್‌ನಲ್ಲಿ ಎರಡು ಕಡೆ ನೋಡಿ. ಸಾಟಾ ಮೋಡ್ ‘ಐಡಿಇ’ ಅಂತ ಇದ್ದರೆ ಮೇಲೆ ಹೇಳಿದ ಸೇಫ್ ಬೂಟ್ ವಿಧಾನದಲ್ಲೇ ಎಎಚ್‌ಸಿಐಗೆ ತನ್ನಿ. ಇನ್ನೊಂದು ಬೂಟ್ ಕ್ರಮ. ಈ ಬೋರ್ಡ್‌ಗಳ ಬೂಟ್ ಪಟ್ಟಿಯಲ್ಲಿ ಹಾರ್ಡ್ ಡಿಸ್ಕ್ ಅಂತ ಒಂದೇ ಸಾಲು ಇರುತ್ತೆ, ಎಸ್‌ಎಸ್‌ಡಿ ಹೆಸರು ಹುಡುಕಿದ್ರೂ ಸಿಗಲ್ಲ. ಕೆಳಗೆ ‘ಹಾರ್ಡ್ ಡ್ರೈವ್ ಬಿಬಿಎಸ್ ಪ್ರಯಾರಿಟೀಸ್’ ಒಳಗೆ ಹೋಗಿ ಎಸ್‌ಎಸ್‌ಡಿಯನ್ನ ಮೊದಲಿಗೆ ತಂದರೆ ಹೊರಗಿನ ಪಟ್ಟಿಯಲ್ಲೂ ಅದೇ ಬರುತ್ತೆ.

ಮತ್ತೆ, ಬಯಾಸ್ ಸೆಟ್ಟಿಂಗ್ ಉಳಿಸೋ, ಬೋರ್ಡ್ ಮೇಲಿನ ಸಿಆರ್2032 ಬ್ಯಾಟರಿ ಬದಲಿಸಿ. ಗಡಿಯಾರ ಹಿಂದೆ ಬೀಳ್ತಿದ್ದರಂತೂ ಈಗಲೇ ಬದಲಿಸಿ. ಸತ್ತ ಬ್ಯಾಟರಿ ಇದ್ದರೆ ರಾತ್ರಿ ಮೇನ್ ಸ್ವಿಚ್ ತೆಗೆದಾಗ ಬಯಾಸ್ ಫ್ಯಾಕ್ಟರಿ ಸ್ಥಿತಿಗೆ ಹೋಗುತ್ತೆ, ಎಎಚ್‌ಸಿಐ ಐಡಿಇ ಆಗುತ್ತೆ, ಬೆಳಗ್ಗೆ ನೀಲಿ ಪರದೆ ನೋಡಿ ಎಸ್‌ಎಸ್‌ಡಿ ಹೋಯ್ತು ಅಂತ ವಾರಂಟಿಗೆ ಕೊಟ್ಟು ಬರ್ತಾರೆ.

ಹಳೇಡಿಸ್ಕ್_ಹೊಸಡಿಸ್ಕ್:

ಇಮೇಜ್ ಆಯ್ತು, ಸಿ5 ಸೊನ್ನೆ ಇತ್ತು, ಕ್ಲೋನ್ ಆಯ್ತು. ಡ್ರೈವ್ಸ್ ಪುಟದಲ್ಲಿ ಹಳೇದು ಆಫ್ ಮಾಡಿ ಬೂಟ್ ಮಾಡಿದ್ರೆ ನೇರ ವಿಂಡೋಸ್ ಬಂತು. ಸಿ ಡ್ರೈವ್ 450 ಜಿಬಿ ಹತ್ತಿರ ತೋರಿಸ್ತಿದೆ. ಹಳೇ ಹಾರ್ಡ್ ಡಿಸ್ಕನ್ನ ಡೇಟಾಗೆ ಬಳಸಬೇಕು, ಈಗ ಆನ್ ಮಾಡಬಹುದಾ?

ರಿಪೇರಿಮೇಜು:

ಅವಸರ ಬೇಡ. ಎರಡು ಮೂರು ವಾರ ಹಾಗೇ ಆಫ್ ಇರಲಿ. ಟ್ಯಾಲಿ, ಪ್ರಿಂಟರ್, ಸ್ಕ್ಯಾನರ್, ಡಿಜಿಟಲ್ ಸಹಿಯ ಟೋಕನ್, ತಿಂಗಳ ಜಿಎಸ್‌ಟಿ ಕೆಲಸ ಎಲ್ಲ ಹೊಸ ಡಿಸ್ಕಿನಲ್ಲಿ ಒಂದು ಸುತ್ತು ಬರಲಿ. ಆಮೇಲೆ ಟಿಕ್ ವಾಪಸ್ ಇಟ್ಟು, ಅದೇ ಬೂಟ್‌ನಲ್ಲಿ ಎಫ್12 ಒತ್ತಿ ಎಸ್‌ಎಸ್‌ಡಿಯನ್ನೇ ಆರಿಸಿ. ವಿಂಡೋಸ್ ಎದ್ದಮೇಲೆ ಏನನ್ನೂ ಅಳಿಸೋ ಮುಂಚೆ ಟಾಸ್ಕ್ ಮ್ಯಾನೇಜರ್‌ನ ಪರ್ಫಾಮೆನ್ಸ್ ಪುಟದಲ್ಲಿ ಸಿ ಅಕ್ಷರದ ಪಕ್ಕ ‘ಎಸ್‌ಎಸ್‌ಡಿ’ ಅಂತಲೇ ಇದೆಯಾ ನೋಡಿ. ಡಿಸ್ಕ್ ಮ್ಯಾನೇಜ್‌ಮೆಂಟ್‌ನಲ್ಲಿ ಹಳೇದು ಆಫ್‌ಲೈನ್ ಅಂತಿದ್ರೆ ರೈಟ್ ಕ್ಲಿಕ್ ಮಾಡಿ ಆನ್‌ಲೈನ್ ಕೊಡಿ. ಆಗ ಅದಕ್ಕೆ ಹೊಸ ಗುರುತು ಬೀಳುತ್ತೆ, ಅಲ್ಲಿಂದಾಚೆಗೆ ಅದು ಬೂಟ್ ಆಗುತ್ತೆ ಅಂತ ನಂಬಿ ಕೂರಬೇಡಿ. ನಂತರ ಬೇಕಾದ ಹಾಗೆ ಫಾರ್ಮ್ಯಾಟ್ ಮಾಡಿಕೊಳ್ಳಿ. ಅದರ ಇಎಫ್‌ಐ ಪಾರ್ಟಿಷನ್ ರೈಟ್ ಕ್ಲಿಕ್‌ನಲ್ಲಿ ಅಳಿಯಲ್ಲ, ವಿಂಡೋಸ್‌ನ ಕಮಾಂಡ್ ಉಪಕರಣ ಡಿಸ್ಕ್‌ಪಾರ್ಟ್‌ನಲ್ಲಿ ಹಳೇ ಡಿಸ್ಕ್ ಆರಿಸಿ ‘ಕ್ಲೀನ್’ ಕೊಡಬೇಕು. ಆರಿಸಿದ್ದು 931 ಜಿಬಿಯದ್ದೇನಾ ಅಂತ ನೋಡಿಕೊಂಡೇ ಎಂಟರ್ ಒತ್ತಿ.

ಬೂಟ್‌ಕೊಟ್ಟೂರು:

ಒಂದು ಸೇರಿಸ್ತೀನಿ. ಬಯಾಸ್‌ನಲ್ಲಿ ‘ಲೋಡ್ ಡಿಫಾಲ್ಟ್ಸ್’ ಒತ್ತಿದ್ರೆ, ಮದರ್‌ಬೋರ್ಡ್ ಬದಲಿಸಿಕೊಂಡು ಬಂದ್ರೆ ಸಾಟಾ ಆಪರೇಷನ್ ಮತ್ತೆ ರೇಡ್ ಆನ್‌ಗೆ ಹೋಗಿರುತ್ತೆ. ಆಗ ಇದೇ ನೀಲಿ ಪರದೆ ಬರಬಹುದು. ರಿಪೇರಿ, ರೀಸೆಟ್ ಏನನ್ನೂ ಕ್ಲಿಕ್ ಮಾಡದೆ ಎಫ್2 ಒತ್ತಿ ಎಎಚ್‌ಸಿಐ ಮಾಡಿ. ಡಿವೈಸ್ ಎನ್‌ಕ್ರಿಪ್ಷನ್ ಮತ್ತೆ ಆನ್ ಮಾಡೋದಿದ್ರೆ ಮಾಡಿ, ಆದರೆ 48 ಅಂಕಿಯ ಕೀ ನಿಮ್ಮ ಮೈಕ್ರೋಸಾಫ್ಟ್ ಖಾತೆಯಲ್ಲಿ ಸೇವ್ ಆಗಿದೆಯಾ ಅಂತ ಫೋನಿನಿಂದ ತೆಗೆದು ನೋಡಿ.